ಬಾವಿ ನೀರಿನ ಸಿಗಡಿ ಬಳಗಕ್ಕೆ ಮೈಟೋಸ್ 2: ಎಷ್ಟು ನಂಬಬಹುದು, ಎಲ್ಲಿ ತಿದ್ದಬೇಕು

ಬಾವಿಯ ತಳದಿಂದ ಬಲೆಗೆ ಸಿಕ್ಕ ಒಂದು ಮಿಲಿಮೀಟರ್ ಜೀವಿಯ ಮೈಟೋಕಾಂಡ್ರಿಯ (ಕೋಶಕ್ಕೆ ಶಕ್ತಿ ಒದಗಿಸುವ ಭಾಗ) ಜೀನೋಮ್ ಎಂದರೆ ಕೊನೆಗೆ ಕೈಗೆ ಬರುವುದು ಸುಮಾರು ಹದಿನೈದು ಸಾವಿರ ಅಕ್ಷರಗಳ ಒಂದೇ ಸಾಲು. ಎ, ಟಿ, ಜಿ, ಸಿ ಬಿಟ್ಟರೆ ಅದರಲ್ಲಿ ಬೇರೇನೂ ಕಾಣುವುದಿಲ್ಲ. ಯಾವ ಜೀನ್ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂದು ಈ ಸಾಲಿನ ಮೇಲೆ ಗುರುತು ಹಾಕಿಕೊಡುವ ಉಚಿತ ಸೇವೆ ಮೈಟೋಸ್. ಜರ್ಮನಿಯ ಲೈಪ್‌ಜಿಗ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ್ದು, 2013ರಲ್ಲಿ ಮೊದಲ ಆವೃತ್ತಿ, 2019ರಲ್ಲಿ ಸುಧಾರಿಸಿದ ಎರಡನೆಯದು. ಫ್ರೈಬರ್ಗ್‌ನಿಂದ ನಡೆಯುವ ಗ್ಯಾಲಕ್ಸಿ ಯುರೋಪ್ ತಾಣದಲ್ಲಿ ಖಾತೆ ತೆರೆದರೆ ಅಲ್ಲೇ ಓಡಿಸಬಹುದು.

ತೀರ್ಪು ಮೊದಲೇ ಹೇಳಿಬಿಡುವುದು ಒಳ್ಳೆಯದು. ಸಿಹಿನೀರಿನ ಮತ್ತು ಅಂತರ್ಜಲದ ಕಠಿಣಚರ್ಮಿಗಳ (ಕ್ರಸ್ಟೇಶಿಯನ್) ಮೇಲೆ ಕೆಲಸ ಮಾಡುವವರಿಗೆ ಉಚಿತವಾಗಿ ಸಿಗುವ ಸಾಧನಗಳಲ್ಲಿ ಮೊದಲು ಹಿಡಿಯಬೇಕಾದದ್ದು ಇದೇ. ಜೀನ್ ಯಾವುದು ಎಂದು ಹೇಳುವುದರಲ್ಲಿ ಇದು ತಪ್ಪುವುದು ಕಡಿಮೆ. ಜೀನಿನ ಗಡಿ ಹೇಳುವುದರಲ್ಲಿ ತಪ್ಪುತ್ತದೆ, ಅದೂ ಪದೇ ಪದೇ ಒಂದೇ ಜಾಗದಲ್ಲಿ. ಕ್ರಯಪತ್ರದಲ್ಲಿ ಸರ್ವೆ ನಂಬರ್ ಸರಿ ಇದ್ದು ಚೆಕ್ಕುಬಂದಿ ತಪ್ಪಿದ್ದರೆ ಹೇಗೋ ಹಾಗೆ. ಚೆಕ್ಕುಬಂದಿ ತಿದ್ದಲು ತಾಳ್ಮೆ ಇರುವವರಿಗೆ ಐದರಲ್ಲಿ ನಾಲ್ಕೂವರೆ ಅಂಕ ಕೊಡಬಹುದು. ಬಂದ ಪಟ್ಟಿಯನ್ನು ಹಾಗೇ ಜೀನ್‌ಬ್ಯಾಂಕ್ ಎಂಬ ಸಾರ್ವಜನಿಕ ಡಿಎನ್‌ಎ ಸಂಗ್ರಹಕ್ಕೆ ಕಳಿಸುವವರಿಗೆ ಎರಡು ಕೊಡುವುದೂ ಕಷ್ಟ.

ದಾವಣಗೆರೆ, ಚಿತ್ರದುರ್ಗದ ಕಾಲೇಜು ಪ್ರಯೋಗಾಲಯಕ್ಕೆ ಇದರಿಂದ ಆಗುವ ದೊಡ್ಡ ಉಪಕಾರ ಬೇರೆಯೇ ಇದೆ. ಇದಕ್ಕೆ ಸರ್ವರ್ ಬೇಡ, ಲಿನಕ್ಸ್ ಗೊತ್ತಿರಬೇಕಿಲ್ಲ. ಮೇಲೇರಿಸಬೇಕಾದ ಫಾಸ್ಟಾ ಫೈಲ್ (ಆ ಸಾಲಿರುವ ಸಾದಾ ಪಠ್ಯದ ಫೈಲ್) ಹದಿನೈದು ಕಿಲೋಬೈಟ್ ಅಷ್ಟೇ, ವಾಟ್ಸಾಪಿನಲ್ಲಿ ಬರುವ ಒಂದು ಫೋಟೋಗಿಂತ ಚಿಕ್ಕದು. ಕರೆಂಟ್ ಹೋಗಿ ಲ್ಯಾಪ್‌ಟಾಪ್ ಮೊಬೈಲ್ ನೆಟ್ ಮೇಲೆ ನಡೆಯುತ್ತಿದ್ದರೂ ಕೆಲಸ ಕೆಡುವುದಿಲ್ಲ. ಒಮ್ಮೆ ಒಪ್ಪಿಸಿದ ಮೇಲೆ ಲೆಕ್ಕವೆಲ್ಲ ಅವರ ಕಡೆಯೇ ನಡೆಯುತ್ತದೆ.

ಇನ್ನು ಒಳಗಿನ ಕೆಲಸ. ಪ್ರೋಟೀನ್ ಜೀನ್‌ಗಳಿಗೆ ಇದು ನಿಮ್ಮ ಸಾಲನ್ನು ಅಮೈನೋ ಆಮ್ಲಗಳಾಗಿ ಅನುವಾದಿಸಿ, ಈಗಾಗಲೇ ಗೊತ್ತಿರುವ ಪ್ರಾಣಿಗಳ ಪ್ರೋಟೀನ್‌ಗಳ ಜೊತೆ ಹೋಲಿಸಿ ನೋಡುತ್ತದೆ. ಪ್ರೋಟೀನ್ ಕಟ್ಟಲು ನೆರವಾಗುವ ಟಿ-ಆರ್‌ಎನ್‌ಎ ಮತ್ತು ಆರ್-ಆರ್‌ಎನ್‌ಎಗಳಿಗೆ ಅಕ್ಷರಗಳ ಜೊತೆಗೆ ಮಡಿಕೆಯ ಆಕಾರವನ್ನೂ ಲೆಕ್ಕಕ್ಕೆ ಹಿಡಿಯುವ ಮಾದರಿಗಳನ್ನು ಬಳಸುತ್ತದೆ. ಹೋಲಿಕೆಗೆ ಹತ್ತಿರದ ನೆಂಟರು ಇದ್ದಷ್ಟೂ ಉತ್ತರ ಗಟ್ಟಿ. ಅಂತರ್ಜಲದ ಜೀವಿಗಳಲ್ಲಿ ತೊಡಕಾಗುವುದು ಇಲ್ಲೇ. 2011ರಲ್ಲಿ ಜಾರ್ಜ್ ವಿಲ್ಸನ್ ಮತ್ತು ವೈ. ರಂಗಾ ರೆಡ್ಡಿ ಆಂಧ್ರದ ಅಂತರ್ಜಲದಿಂದ ಆಂಧ್ರಕಾಯ್ಡಿಸ್ ಶಾಬುದ್ದೀನ್ ಎಂಬ ಐಸೊಪಾಡಿಗೆ (ಕಠಿಣಚರ್ಮಿಗಳ ಒಂದು ಗುಂಪಿನ ಜೀವಿ) ಹೆಸರಿಟ್ಟರು. ಅದರ ಕುಟುಂಬದ ನೆಂಟರು ಆಸ್ಟ್ರೇಲಿಯಾದ ಜೀವಿಗಳು, ಮತ್ತು 1950ರಲ್ಲಿ ವಿವರಿಸಿದ, ಕಾಶಿಯ ಹೆಸರು ಹೊತ್ತ ನಿಕೋಲ್ಸಿಯಾ ಕಾಶಿಯೆನ್ಸೆ. ಗೊಂಡ್ವಾನ ಎಂಬ ಪುರಾತನ ಮಹಾಖಂಡ ಒಡೆಯುವ ಮೊದಲಿನ ಸಂಬಂಧ ಅದು. ಇಂಥ ಒಂಟಿ ವಂಶದ ಜೀವಿಯನ್ನು ಇಟ್ಟರೆ ಹೋಲಿಕೆಯ ಅಂಕ ಕೆಳಗಿಳಿಯುವುದು ಸಹಜ. ನಮ್ಮ ಗಟ್ಟಿ ಕಲ್ಲಿನ ಬಿರುಕುಗಳ ನೀರಿನಲ್ಲಿ ಸಿಗುವುದಕ್ಕೂ ಇದೇ ಮಾತು. ಅಂಕ ಕಡಿಮೆ ಬಂತೆಂದು ಜೀನ್ ಇಲ್ಲ ಅಂದುಕೊಳ್ಳಬಾರದು.

ಓಡಿಸುವಾಗ ಆಯ್ಕೆಗಳಲ್ಲಿ ಮೊದಲನೆಯದೇ ಮುಖ್ಯ: ಜೆನೆಟಿಕ್ ಕೋಡ್ 5, ಅಂದರೆ ಅಕಶೇರುಕ ಮೈಟೋಕಾಂಡ್ರಿಯದ ಕೋಡ್. ಇಲ್ಲಿ ಎಜಿಎ, ಎಜಿಜಿ ಎಂಬ ಮೂರಕ್ಷರದ ಸಂಕೇತಗಳು (ಕೋಡಾನ್) ಎರಡೂ ಸೆರೀನ್ ಎಂಬ ಅಮೈನೋ ಆಮ್ಲ. ಕಶೇರುಕಗಳ 2ನೇ ಕೋಡಿನಲ್ಲಿ ಅವೇ ಎರಡು ನಿಲುಗಡೆ ಕೋಡಾನ್, ಅಂದರೆ ಜೀನ್ ಮುಗಿಯಿತೆಂಬ ಗುರುತು. ಅಚಾತುರ್ಯದಿಂದ 2 ಒತ್ತಿದರೆ ಜೀನ್‌ಗಳು ನಡುವೆಯೇ ತುಂಡಾಗಿ ಹೊರಬರುತ್ತವೆ, ಸೀಕ್ವೆನ್ಸಿಂಗ್ (ಡಿಎನ್‌ಎ ಅಕ್ಷರ ಓದುವ ಕೆಲಸ) ಕೆಟ್ಟಿದೆ ಎಂದು ಸುಮ್ಮನೆ ಗಾಬರಿ. ಉಲ್ಲೇಖ ಸಂಗ್ರಹಕ್ಕೆ ರೆಫ್‌ಸೆಕ್ 63 ಮೆಟಜೋವಾ ಮತ್ತು ರೆಫ್‌ಸೆಕ್ 89 ಮೆಟಜೋವಾ ಎರಡೂ ಇವೆ. ಎರಡರಲ್ಲೂ ಒಮ್ಮೊಮ್ಮೆ ಓಡಿಸಿ, ಗಡಿಗಳು ಎಲ್ಲೆಲ್ಲಿ ಬೇರೆಯಾಗಿ ಬರುತ್ತವೆ ಎಂದು ನೋಡುವುದು ಒಳ್ಳೆಯ ಅಭ್ಯಾಸ. ಎರಡೂ ಒಪ್ಪದ ಕಡೆಯೇ ನಿಮ್ಮ ಕಣ್ಣು ಬೇಕಾದ ಜಾಗ. ಸಾಲಿನ ಎರಡೂ ತುದಿ ಕೂಡಿ ವೃತ್ತವಾಗಿದೆ ಎಂದು ಖಾತ್ರಿಯಿದ್ದರೆ ಮಾತ್ರ ವೃತ್ತ ಎಂದು ಹೇಳಿ. ಸಾಧ್ಯವಾದರೆ ಮೊದಲೇ ಸಾಲನ್ನು ತಿರುಗಿಸಿ ಕಾಕ್ಸ್1 ಜೀನಿನಿಂದ ಶುರುವಾಗುವಂತೆ ಇಟ್ಟುಕೊಳ್ಳಿ. ಆಗ ಯಾವ ಜೀನೂ ಅರ್ಧ ಆ ತುದಿ ಅರ್ಧ ಈ ತುದಿ ಆಗುವುದಿಲ್ಲ.

ಫಲಿತಾಂಶ ಬಂದ ಕೂಡಲೇ ಎಣಿಸಿ. 13 ಪ್ರೋಟೀನ್ ಜೀನ್, 22 ಟಿ-ಆರ್‌ಎನ್‌ಎ, 2 ಆರ್-ಆರ್‌ಎನ್‌ಎ, ಒಟ್ಟು 37. ಕ್ರಸ್ಟೇಶಿಯನ್ ಮತ್ತು ಕೀಟಗಳ ಮೂಲ ಜೋಡಣೆಯಲ್ಲಿ ಒಂಬತ್ತು ಪ್ರೋಟೀನ್ ಜೀನ್ ಡಿಎನ್‌ಎಯ ಒಂದು ಎಳೆಯ ಮೇಲೆ, ನ್ಯಾಡ್1, ನ್ಯಾಡ್4, ನ್ಯಾಡ್4ಎಲ್, ನ್ಯಾಡ್5 ಇನ್ನೊಂದರ ಮೇಲೆ. ಕಾಕ್ಸ್1 ಮತ್ತು ಕಾಕ್ಸ್2 ನಡುವೆ ಒಂದು ಲ್ಯೂಸೀನ್ ಟಿ-ಆರ್‌ಎನ್‌ಎ ಕೂತಿರುತ್ತದೆ, ಈ ಇಡೀ ಬಳಗದ ಗುರುತೇ ಅದು. ನೀರುಚಿಗಟ ಡಾಫ್ನಿಯಾ ಪ್ಯೂಲೆಕ್ಸ್‌ನ ಜೀನೋಮ್ 15,333 ಬೇಸ್ ಜೋಡಿ, ಅಂದರೆ ಅಷ್ಟು ಅಕ್ಷರ. ಸ್ಪೇನಿನ ಬಾಲಿಯಾರಿಕ್ ದ್ವೀಪಗಳ ಅಂತರ್ಜಲದ ಆಂಫಿಪಾಡ್ (ಸಿಗಡಿಯಂಥ ಪುಟ್ಟ ಕಠಿಣಚರ್ಮಿ) ಮೆಟಾಕ್ರಾಂಗೊನಿಕ್ಸ್ ಲಾಂಗಿಪೆಸ್‌ನದು 14,113 ಮಾತ್ರ. ಅದರ ನಿಯಂತ್ರಣ ಪ್ರದೇಶ (ಯಾವ ಜೀನೂ ಇಲ್ಲದ ಭಾಗ) ಬರೀ 76 ಬೇಸ್. ಹಾಗಾಗಿ ನಿಮ್ಮದು ಹದಿನಾಲ್ಕು ಸಾವಿರಕ್ಕೆ ನಿಂತರೆ ಏನೋ ಕಳೆದುಹೋಯಿತು ಎಂದು ತೀರ್ಮಾನಿಸಬೇಡಿ. 37 ಇದೆಯೇ, ವೃತ್ತ ಕೂಡಿದೆಯೇ, ಅಷ್ಟು ಸಾಕು.

ಈಗ ಚೆಕ್ಕುಬಂದಿಯ ವಿಷಯ. ಒಂದು ಲೆಕ್ಕದ ಉದಾಹರಣೆ ಹಿಡಿಯೋಣ. ಮೈಟೋಸ್ ಗಡಿಗಳ ಅಂಕಿ ಕೊಡುವ ಬೆಡ್ ಫೈಲಿನಲ್ಲಿ ಕಾಕ್ಸ್1ಗೆ 0ಯಿಂದ 1530, ಅದರ ಬೆನ್ನಿಗಿರುವ ಲ್ಯೂಸೀನ್ ಟಿ-ಆರ್‌ಎನ್‌ಎಗೆ 1534ರಿಂದ ಎಂದು ಬಂದಿದೆ ಅನ್ನಿ. ಬೆಡ್ ಎಣಿಕೆ ಸೊನ್ನೆಯಿಂದ ಶುರು, ಜೀನ್‌ಬ್ಯಾಂಕ್ ಎಣಿಕೆ ಒಂದರಿಂದ. ಆದ್ದರಿಂದ ಆರಂಭದ ಅಂಕಿಗೆ ಮಾತ್ರ ಒಂದು ಕೂಡಿಸಬೇಕು, ಕೊನೆಯ ಅಂಕಿ ಹಾಗೇ ಇರಬೇಕು. ಕಾಕ್ಸ್1 ಈಗ 1ರಿಂದ 1530, ಟಿ-ಆರ್‌ಎನ್‌ಎ 1535ರಿಂದ. 1530 ಅಂದರೆ ಸರಿಯಾಗಿ 510 ಕೋಡಾನ್, ನಿಲುಗಡೆ ಎಲ್ಲೂ ಇಲ್ಲ. ನಡುವೆ ನಾಲ್ಕು ಅಕ್ಷರ ಯಾರಿಗೂ ಸೇರದೆ ಬಿದ್ದಿವೆ. ಅವುಗಳಲ್ಲಿ ಮೊದಲ ಮೂರು 511ನೇ ಕೋಡಾನ್. ಉಳಿದದ್ದು ಒಂಟಿ ಟಿ. ಆ ಟಿಯೇ ನಿಲುಗಡೆಯ ತುಣುಕು. ಆರ್‌ಎನ್‌ಎ ಕತ್ತರಿಸಿಕೊಂಡ ಮೇಲೆ ಅದರ ಬಾಲಕ್ಕೆ ಎ ಅಕ್ಷರಗಳು ಸೇರುತ್ತವೆ, ಟಿ ಹೋಗಿ ಟಿಎಎ ಆಗುತ್ತದೆ. ಆದ್ದರಿಂದ ಸರಿಯಾದ ಗಡಿ 1ರಿಂದ 1534, ಜೊತೆಗೆ ನಿಲುಗಡೆ ಅಪೂರ್ಣ ಎಂಬ ಟಿಪ್ಪಣಿ. ಮೈಟೋಸ್ ಇಲ್ಲಿ ಪೂರ್ತಿ ನಿಲುಗಡೆ ಕೋಡಾನನ್ನು ಹುಡುಕಿ ಸಿಗದೆ ಮೊದಲೇ ನಿಂತುಬಿಟ್ಟಿದೆ. ಕೆಲವು ಸಲ ಇದಕ್ಕೆ ಉಲ್ಟಾ: ಮುಂದಿನ ಟಿ-ಆರ್‌ಎನ್‌ಎ ಒಳಗೆ ಹೋಗಿ ಅಲ್ಲಿ ಆಕಸ್ಮಿಕವಾಗಿ ಸಿಕ್ಕ ಟಿಎಎಯನ್ನು ಹಿಡಿದುಕೊಂಡಿರುತ್ತದೆ. ಒಂದೇ ಎಳೆಯ ಮೇಲೆ ಪ್ರೋಟೀನ್ ಜೀನ್ ಟಿ-ಆರ್‌ಎನ್‌ಎಯನ್ನು ಹತ್ತಾರು ಅಕ್ಷರ ಅತಿಕ್ರಮಿಸಿದ್ದರೆ ಮೊದಲು ಅನುಮಾನ ಪಡಬೇಕಾದದ್ದು ಇದನ್ನೇ.

ಆದರೆ ಎಲ್ಲ ಅತಿಕ್ರಮಣವೂ ತಪ್ಪಲ್ಲ. ಎಟಿಪಿ8 ಮತ್ತು ಎಟಿಪಿ6 ಬಹುಮಟ್ಟಿಗೆ ಏಳು ಅಕ್ಷರ ಒಂದರ ಮೇಲೊಂದು ಕೂರುತ್ತವೆ. ನ್ಯಾಡ್4, ನ್ಯಾಡ್4ಎಲ್ ಜೋಡಿಯೂ ಹಾಗೆಯೇ. ಇವನ್ನು "ಸರಿಪಡಿಸಲು" ಹೋಗಿ ಎರಡನ್ನೂ ಕೆಡಿಸಬಾರದು. ಎಟಿಪಿ8 ಸ್ವತಃ ಐವತ್ತು ಚಿಲ್ಲರೆ ಅಮೈನೋ ಆಮ್ಲಗಳ ಪುಟ್ಟ ಜೀನ್, ಬೇಗ ಬದಲಾಗುವಂಥದ್ದು. ಪಟ್ಟಿಯಲ್ಲಿ 36 ಮಾತ್ರ ಬಂದಿದ್ದರೆ ಕಳೆದಿರುವುದು ಇದೇ ಆಗಿರುವ ಸಂಭವ ಹೆಚ್ಚು. ಎಟಿಪಿ6ರ ಹಿಂದಿನ ಇನ್ನೂರು ಅಕ್ಷರಗಳನ್ನು ಕೋಡ್ 5ರಲ್ಲಿ ಮೂರೂ ಚೌಕಟ್ಟಿನಲ್ಲಿ (ಮೊದಲ, ಎರಡನೇ, ಮೂರನೇ ಅಕ್ಷರದಿಂದ ಶುರುಮಾಡಿ) ಅನುವಾದಿಸಿ ನೋಡಿ. ಅಲ್ಲೇ ಕೂತಿರುತ್ತದೆ.

ಆರಂಭದ ಕೋಡಾನ್ ಕೂಡ ಹೀಗೇ ಸತಾಯಿಸುತ್ತದೆ. ಎಟಿಜಿ ಒಂದನ್ನೇ ಹುಡುಕಿದರೆ ಆಗದು. ಎಟಿಎ, ಎಟಿಟಿ, ಎಟಿಸಿ, ಜಿಟಿಜಿ, ಟಿಟಿಜಿ ಎಲ್ಲವೂ ಈ ಕೋಡಿನಲ್ಲಿ ಒಪ್ಪಿತ. ಕಾಕ್ಸ್1ಗೆ ಅವೂ ಸಿಗದ ಸಂಧಿಪದಿಗಳು ಬೇಕಾದಷ್ಟಿವೆ. ಆಗ ಹತ್ತಿರದ ಐದಾರು ಜಾತಿಗಳ ಅಮೈನೋ ಆಮ್ಲದ ಸಾಲನ್ನು ಪಕ್ಕಕ್ಕಿಟ್ಟು, ಎಲ್ಲರೂ ಎಲ್ಲಿಂದ ಶುರುವಾಗುತ್ತಾರೆ ಎಂದು ನೋಡಿ ತೀರ್ಮಾನಿಸಬೇಕು. ಹಿಂದಿನ ಜೀನಿನೊಳಗೆ ಇಪ್ಪತ್ತು ಅಕ್ಷರ ಹಿಂದೆ ಸರಿದು ಒಂದು ಎಟಿಜಿ ಸಿಕ್ಕಿತು ಎಂಬ ಒಂದೇ ಕಾರಣಕ್ಕೆ ಅದನ್ನು ಆರಿಸಿಕೊಳ್ಳುವುದು ತಪ್ಪು.

ಟಿ-ಆರ್‌ಎನ್‌ಎ ವಿಷಯದಲ್ಲಿ ಮೈಟೋಸ್ ನಿಜಕ್ಕೂ ಮೆಚ್ಚುವಂಥದ್ದು. ಒಂದೊಂದಕ್ಕೂ ಮಡಿಕೆಯ ಚಿತ್ರ ಬರೆದು ಕೊಡುತ್ತದೆ. ಎಜಿಎನ್ (ಎಜಿಯ ನಂತರ ಯಾವ ಅಕ್ಷರವಾದರೂ) ಕೋಡಾನ್ ಓದುವ ಸೆರೀನ್ ಟಿ-ಆರ್‌ಎನ್‌ಎಗೆ ಮಡಿಕೆಯ ಒಂದು ಕವಲಾದ ಡಿ ತೋಳು ಇರುವುದಿಲ್ಲ. ಇದು ಪ್ರಾಣಿಲೋಕದಲ್ಲಿ ಮಾಮೂಲು, ಮೂರೆಲೆಯ ಹಾಗೆ ಕಾಣದ ಚಿತ್ರ ನೋಡಿ ಹೆದರಬೇಡಿ. ಒಂದೆರಡು ಸಿಗದಿದ್ದರೆ ಆರ್ವೆನ್ ಎಂಬ ಇನ್ನೊಂದು ಉಚಿತ ಸಾಧನದಲ್ಲಿ ನೋಡಬಹುದು, ಆದರೆ ಅದು ಇಲ್ಲದ್ದನ್ನೂ ಇದೆ ಎನ್ನುವ ಕೈ. ಅದು ತೋರಿಸಿದ ಜಾಗದಲ್ಲಿ ಆಂಟಿಕೋಡಾನ್ (ಕೋಡಾನನ್ನು ಓದುವ ಮೂರಕ್ಷರ) ಸರಿಯಿದೆಯೇ, ಬೇರೆ ಜೀನಿನ ಹೊಟ್ಟೆಯೊಳಗೆ ಬಿದ್ದಿಲ್ಲವೇ ಎಂದು ನೋಡಿಯೇ ಒಪ್ಪಬೇಕು.

ಆರ್-ಆರ್‌ಎನ್‌ಎ ತುದಿಗಳು ಬಹಳ ಸಲ ಗಿಡ್ಡವಾಗಿ ಬರುತ್ತವೆ. ಅಕ್ಕಪಕ್ಕದ ಟಿ-ಆರ್‌ಎನ್‌ಎವರೆಗೆ ಎಳೆದು ಬರೆಯುವುದು ರೂಢಿ. ನಿಯಂತ್ರಣ ಪ್ರದೇಶವನ್ನು ಇದು ಓಎಚ್ (ಡಿಎನ್‌ಎ ನಕಲು ಶುರುವಾಗುವ ಜಾಗ) ಎಂದು ಎರಡು ಮೂರು ತುಂಡಾಗಿ ಹೇಳುತ್ತದೆ, ಕೆಲವು ಸಲ ಇನ್ನೊಂದು ಎಳೆಯ ಓಎಲ್ ಎಂದೂ ಒಂದು ಸೇರಿಸುತ್ತದೆ. ಇವುಗಳನ್ನು ಹಾಗೇ ನಕಲು ಮಾಡಬೇಡಿ. ಚಿಕ್ಕ ಆರ್-ಆರ್‌ಎನ್‌ಎ ಪಕ್ಕದ, ಎ-ಟಿ ತುಂಬಿದ, ಯಾವ ಜೀನೂ ಇಲ್ಲದ ದೊಡ್ಡ ಖಾಲಿ ಜಾಗವನ್ನು ಒಟ್ಟಾಗಿ ನಿಯಂತ್ರಣ ಪ್ರದೇಶ ಎಂದು ಬರೆದರೆ ಸಾಕು.

ನ್ಯಾಡ್5ನಂಥ ಉದ್ದನೆಯ ಜೀನ್ ಎರಡು ತುಂಡಾಗಿ ಬಂದರೆ? ಬೈಯಬೇಕಾದದ್ದು ಮೈಟೋಸನ್ನಲ್ಲ, ಒಳಗೆ ಹಾಕಿದ ಸಾಲನ್ನು. ನ್ಯಾನೋಪೋರ್ ಯಂತ್ರದ ಓದುಗಳಿಂದ (ಯಂತ್ರ ಓದಿಕೊಟ್ಟ ಡಿಎನ್‌ಎ ತುಣುಕುಗಳು) ಕಟ್ಟಿದ ಜೀನೋಮಿನಲ್ಲಿ ಎಎಎಎಎಎಎಎ ಎಂಬಂಥ ಉದ್ದ ಸರಣಿಯ ಎಣಿಕೆ ಒಂದು ಹೆಚ್ಚು ಕಡಿಮೆ ಆಗುವುದು ಸಾಮಾನ್ಯ, ಕ್ರಸ್ಟೇಶಿಯನ್ ಮೈಟೋಕಾಂಡ್ರಿಯದಲ್ಲಿ ಎ-ಟಿ ಸರಣಿಗಳಿಗೆ ಬರವಿಲ್ಲ. ಒಂದು ಅಕ್ಷರ ಜಾರಿದರೆ ಓದುವ ಚೌಕಟ್ಟು ಜಾರಿ ಜೀನ್ ಒಡೆಯುತ್ತದೆ. ಇಲ್ಯುಮಿನಾ ಯಂತ್ರದ ಚಿಕ್ಕ ಓದುಗಳನ್ನು ಅದೇ ಜಾಗಕ್ಕೆ ಹೊಂದಿಸಿ ಎಣಿಕೆ ತಿದ್ದಿ, ಮತ್ತೆ ಓಡಿಸಿ. ಇಲ್ಯುಮಿನಾದಲ್ಲೂ ಒಡೆದೇ ಬಂದರೆ ಅದು ಮೈಟೋಕಾಂಡ್ರಿಯದ್ದೇ ಅಲ್ಲದಿರಬಹುದು. ಕೋಶಕೇಂದ್ರದೊಳಗೆ ಸೇರಿ ಸತ್ತುಹೋದ ನಕಲು, ನುಮ್ಟ್. 2008ರಲ್ಲಿ ಸಾಂಗ್ ಮತ್ತು ಸಂಗಡಿಗರು ಮಿಡತೆ ಮತ್ತು ಗುಹೆಯ ಕ್ರೇಫಿಶ್‌ಗಳಲ್ಲಿ ಇದನ್ನು ತೋರಿಸಿಕೊಟ್ಟರು: ಈ ನಕಲುಗಳನ್ನು ಅಸಲಿ ಎಂದು ಹಿಡಿದರೆ ಇರುವುದಕ್ಕಿಂತ ಹೆಚ್ಚು ಜಾತಿಗಳು ಲೆಕ್ಕಕ್ಕೆ ಬಂದುಬಿಡುತ್ತವೆ. ಓದುಗಳ ದಪ್ಪ ನೋಡಿದರೆ ಗೊತ್ತಾಗುತ್ತದೆ. ಅಸಲಿ ಮೈಟೋಕಾಂಡ್ರಿಯ ನೂರಾರು ಪಟ್ಟು ಇದ್ದರೆ, ನುಮ್ಟ್ ಉಳಿದ ಕೋಶಕೇಂದ್ರದ ಡಿಎನ್‌ಎಯಷ್ಟೇ ತೆಳ್ಳಗಿರುತ್ತದೆ.

ಮೈಟೋಸಿಗೆ ಕೊಡುವ ಸಾಲು ಚೆನ್ನಾಗಿದ್ದರೆ ಮುಂದಿನ ಅರ್ಧ ತಲೆನೋವು ತಪ್ಪುತ್ತದೆ ಎಂಬ ಕಾರಣಕ್ಕೆ, ಅದರ ಹಿಂದಿನ ಕೆಲಸದ ಬಗ್ಗೆಯೂ ಒಂದಿಷ್ಟು.

ನಮ್ಮ ಕಡೆ ಮಾದರಿ ಹಿಡಿಯಲು ಬಳಕೆ ಬಿಟ್ಟ ತೋಟದ ತೆರೆದ ಬಾವಿಗಳೇ ಉತ್ತಮ. ಬ್ಲೀಚಿಂಗ್ ಪೌಡರ್ ಹಾಕಿದ ಕುಡಿಯುವ ನೀರಿನ ಬಾವಿಗೆ ಹೋಗಿ ಸಮಯ ಹಾಳು ಮಾಡಬೇಡಿ. ಕೊಳವೆ ಬಾವಿಯಾದರೆ ಪಂಪಿನ ಬಾಯಿಗೆ ಸಣ್ಣ ಕಣ್ಣಿನ ಬಲೆ ಕಟ್ಟಬಹುದು, ಆದರೆ ಪಂಪಿನ ಚಕ್ರಕ್ಕೆ ಸಿಕ್ಕಿ ಕಾಲು ಮುರಿದ ಮಾದರಿ ಬರುತ್ತದೆ. ಡಿಎನ್‌ಎಗೆ ಅಡ್ಡಿಯಿಲ್ಲ, ಜಾತಿ ಗುರುತಿಸಲು ಸಾಲದು. ಚಿತ್ರದುರ್ಗದ ಕೋಟೆಯೊಳಗಿನ ಅಕ್ಕ-ತಂಗಿ ಹೊಂಡ, ಗೋಪಾಲಸ್ವಾಮಿ ಹೊಂಡ ನೋಡಿದರೆ ಬಲೆ ಇಳಿಸುವ ಆಸೆಯಾಗುವುದು ಸಹಜ. ಅದು ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ, ಅನುಮತಿ ಇಲ್ಲದೆ ಕೈಹಾಕಬಾರದು. ಮೆಟ್ಟಿಲು ಬಾವಿಯ ಸೈಕ್ಲಾಪ್ಸ್ (ಕೋಪೆಪಾಡ್ ಎಂಬ ಪುಟ್ಟ ಕಠಿಣಚರ್ಮಿಗಳಲ್ಲಿ ಒಂದು) ಎಂದರೆ ನಮ್ಮ ಹಿರಿಯರಿಗೆ ನಾರುಹುಣ್ಣಿನ ನೆನಪು. ಆ ಹುಳ ಮನುಷ್ಯನ ಮೈ ಸೇರುತ್ತಿದ್ದದ್ದು ಕುಡಿಯುವ ನೀರಿನೊಳಗಿನ ಸೈಕ್ಲಾಪ್ಸ್ ಮೂಲಕ. 2000ದಲ್ಲಿ ಭಾರತ ಆ ರೋಗದಿಂದ ಮುಕ್ತ ಎಂದು ಘೋಷಣೆಯಾಯಿತು. ಈ ಕೋಪೆಪಾಡ್‌ಗಳ ಮೈಟೋಕಾಂಡ್ರಿಯದಲ್ಲಿ ಜೀನ್‌ಗಳ ಸಾಲು ಮೂಲ ಜೋಡಣೆಯಿಂದ ಬಹಳ ಕದಡಿರುತ್ತದೆ. ಮೈಟೋಸ್ ಕೊಟ್ಟ ಕ್ರಮ ಪಠ್ಯದಂತಿಲ್ಲ ಎಂದು ಅದನ್ನು ತಳ್ಳಿಹಾಕದೆ, ಓದುಗಳು ಆ ಸಂಧಿಗಳನ್ನು ದಾಟಿ ಹೋಗುತ್ತವೆಯೇ ಎಂದು ನೋಡಿ.

ಹಿಡಿದ ಕೂಡಲೇ ಶೇ. 95ಕ್ಕಿಂತ ಗಟ್ಟಿಯಾದ ಎಥನಾಲ್‌ಗೆ ಹಾಕಬೇಕು, ಮರುದಿನ ಅದನ್ನು ಚೆಲ್ಲಿ ಹೊಸದು ತುಂಬಬೇಕು. ಮೈಯೊಳಗಿನ ನೀರು ಇಳಿದು ಎಥನಾಲ್ ತೆಳುವಾಗಿರುತ್ತದೆ. ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಬೈಕಿನ ಡಿಕ್ಕಿಯಲ್ಲಿ ಇಟ್ಟು ತರುವುದಕ್ಕಿಂತ ಐಸ್ ಹಾಕಿದ ಡಬ್ಬಿ ಮೇಲು. ಮುಚ್ಚಳ ಸಡಿಲವಿದ್ದರೆ ಎಥನಾಲ್ ಆರಿ ಜೀವಿ ಒಣಗಿ ಗಾಜಿಗೆ ಅಂಟಿಬಿಡುತ್ತದೆ.

ಡಿಎನ್‌ಎ ತೆಗೆಯಲು ಅರೆಯಬೇಡಿ. ಇಡೀ ಜೀವಿಯನ್ನು ಪ್ರೋಟಿನೇಸ್ ಕೆ ಎಂಬ ಪ್ರೋಟೀನ್ ಕರಗಿಸುವ ಕಿಣ್ವ ಹಾಕಿದ ದ್ರಾವಣದಲ್ಲಿ 56 ಡಿಗ್ರಿಯಲ್ಲಿ ರಾತ್ರಿಯಿಡೀ ಬಿಟ್ಟರೆ ಒಳಗಿನದೆಲ್ಲ ಕರಗಿ ಚಿಪ್ಪು ಪೂರ್ತಿ ಉಳಿಯುತ್ತದೆ. ಡಿಎನ್‌ಎ ಶುದ್ಧಮಾಡುವ ಕಾಲಂನಿಂದ ಅದನ್ನು ಇಳಿಸುವಾಗ 200 ಮೈಕ್ರೋಲೀಟರ್ ಬದಲು 50 ಸಾಕು, ಇಲ್ಲವಾದರೆ ಲೈಬ್ರರಿ (ಸೀಕ್ವೆನ್ಸಿಂಗ್‌ಗೆ ಸಿದ್ಧಮಾಡಿದ ಡಿಎನ್‌ಎ) ಮಾಡಲಾಗದಷ್ಟು ತೆಳುವಾಗುತ್ತದೆ. ಡಿಎನ್‌ಎ ಕಡಿಮೆ ಬರುತ್ತದೆಂದು ಒಂದೇ ಬಾವಿಯ ಇಪ್ಪತ್ತು ಸೈಕ್ಲಾಪ್ಸ್ ಒಟ್ಟಿಗೆ ಹಾಕುವ ಆಸೆಯನ್ನು ತಡೆಯಿರಿ. ನೋಡಲು ಒಂದೇ ತರಹದ ಎರಡು ಜಾತಿ ಅದರಲ್ಲಿ ಸೇರಿದ್ದರೆ ಓದುಗಳ ಜೋಡಣೆ ಕವಲೊಡೆದು ನಿಲ್ಲುತ್ತದೆ.

ಸೀಕ್ವೆನ್ಸಿಂಗ್‌ಗೆ ಎಷ್ಟು ಡೇಟಾ ಕೇಳಬೇಕು ಎಂಬ ಲೆಕ್ಕ ಸುಲಭ. ಎರಡು ಗಿಗಾಬೇಸ್ (ಇನ್ನೂರು ಕೋಟಿ ಬೇಸ್) ಓದಿನಲ್ಲಿ ಮೈಟೋಕಾಂಡ್ರಿಯದ ಪಾಲು ಶೇ. 0.1 ಇದ್ದರೂ ಇಪ್ಪತ್ತು ಲಕ್ಷ ಬೇಸ್. ಹದಿನೈದು ಸಾವಿರದಿಂದ ಭಾಗಿಸಿದರೆ ಸುಮಾರು 130 ಪಟ್ಟು. ಧಾರಾಳವಾಯಿತು. ಆದರೆ ಆಂಫಿಪಾಡ್‌ಗಳಲ್ಲಿ ಎಚ್ಚರ. ಪಾರ್‌ಹಯಾಲೆ ಹವಾಯೆನ್ಸಿಸ್ ಎಂಬ ಕಡಲತೀರದ ಆಂಫಿಪಾಡಿನ ಕೋಶಕೇಂದ್ರದ ಜೀನೋಮ್ 3.6 ಗಿಗಾಬೇಸ್, ಮನುಷ್ಯನದಕ್ಕಿಂತ ದೊಡ್ಡದು. ಇಂಥದ್ದರಲ್ಲಿ ಮೈಟೋಕಾಂಡ್ರಿಯದ ಪಾಲು ಕುಗ್ಗುತ್ತದೆ, ಡೇಟಾ ಎರಡು ಮೂರು ಪಟ್ಟು ಕೇಳುವುದು ಕ್ಷೇಮ. ಓದುಗಳನ್ನು ಒಂದೇ ಸಾಲಾಗಿ ಜೋಡಿಸುವ ಗೆಟ್‌ಆರ್ಗನೆಲ್ ಗ್ಯಾಲಕ್ಸಿಯಲ್ಲೇ ಸಿಗುತ್ತದೆ, ಪ್ರಾಣಿ ಮೈಟೋಕಾಂಡ್ರಿಯ ಎಂಬ ಆಯ್ಕೆ ಒತ್ತಿ. ಒಂಟಿ ವಂಶದ ಜೀವಿಗೆ ಅದರ ಸಿದ್ಧ ಬೀಜ (ಜೋಡಣೆ ಶುರುಮಾಡುವ ಸಾಲು) ಹಿಡಿಯದಿದ್ದರೆ, ಅದೇ ಜೀವಿಯ ಕಾಕ್ಸ್1 ಬಾರ್‌ಕೋಡ್ ಸಾಲನ್ನು ಬೀಜವಾಗಿ ಕೊಡಿ. ಅದೇ ಕೆಲಸಕ್ಕೆ ನೋವೋಪ್ಲಾಸ್ಟಿ ಬಳಸುವವರು ಅಡಾಪ್ಟರ್ (ಯಂತ್ರಕ್ಕಾಗಿ ಅಂಟಿಸಿದ ತುಣುಕು) ಮಾತ್ರ ತೆಗೆಯಬೇಕು, ಗುಣಮಟ್ಟ ನೋಡಿ ಓದುಗಳನ್ನು ಕತ್ತರಿಸಬಾರದು. ಕತ್ತರಿಸಿದರೆ ಜೋಡಣೆ ಹಾಳಾಗುತ್ತದೆ. ಐಸೊಪಾಡ್ ಆಗಿದ್ದು ವೃತ್ತ ಕೂಡದಿದ್ದರೆ ಸೋತಿರಿ ಎಂದಲ್ಲ. ನೆಲದ ಮೇಲಿನ ಆರ್ಮಡಿಲ್ಲಿಡಿಯಂ ವಲ್ಗೇರ್‌ನಲ್ಲಿ ಹದಿನಾಲ್ಕು ಸಾವಿರದ ನೇರ ಎಳೆಯೂ ಇಪ್ಪತ್ತೆಂಟು ಸಾವಿರದ ಜೋಡಿ ವೃತ್ತವೂ ಒಟ್ಟಿಗೇ ಇರುತ್ತವೆ. ಇಂಥದ್ದನ್ನು ಮೈಟೋಸಿಗೆ ನೇರ ಸಾಲೆಂದೇ ಕೊಡಿ.

ಇದೇ ಕೆಲಸಕ್ಕೆ ಮೈಟೋಜೆಡ್, ಮೈಟೋಫೈಂಡರ್ ಕೂಡ ಇವೆ. ಜೋಡಣೆಯಿಂದ ಗುರುತಿನವರೆಗೆ ಒಂದೇ ಓಟದಲ್ಲಿ ಮಾಡುತ್ತವೆ, ನೂರಾರು ಮಾದರಿ ಇರುವವರಿಗೆ ಒಳ್ಳೆಯದು. ಅವನ್ನು ನಮ್ಮದೇ ಯಂತ್ರದಲ್ಲಿ ಹಾಕಿಕೊಂಡು ಸಲಹಬೇಕು. ಮೂರು ನಾಲ್ಕು ಬಾವಿ ಜೀವಿ ಇಟ್ಟುಕೊಂಡ ವಿದ್ಯಾರ್ಥಿಗೆ ಮೈಟೋಸೇ ಸಾಕು. ಟಿ-ಆರ್‌ಎನ್‌ಎ ಚಿತ್ರಗಳನ್ನು ಬಿಡಿ ಬಿಡಿಯಾಗಿ ತೋರಿಸುವ ಅದರ ಗುಣವೇ ಕಲಿಯುವವರಿಗೆ ದೊಡ್ಡ ಲಾಭ.

ತಿದ್ದಿದ ಮೇಲೆ 13 ಪ್ರೋಟೀನ್‌ಗಳನ್ನೂ ಕೋಡ್ 5ರಲ್ಲಿ ಇನ್ನೊಮ್ಮೆ ಅನುವಾದಿಸಿ, ನಡುವೆ ಎಲ್ಲೂ ನಿಲುಗಡೆ ಇಲ್ಲದ್ದನ್ನು ಕಣ್ಣಾರೆ ನೋಡಿ ಆಮೇಲೆ ಜೀನ್‌ಬ್ಯಾಂಕ್ ಅರ್ಜಿ ತೆರೆಯಿರಿ. ಅಲ್ಲಿ ಮಾದರಿಯ ಸಂಖ್ಯೆ ಕೇಳುವ ಜಾಗವಿದೆ. ಆ ರಾತ್ರಿ ಕರಗದೆ ಉಳಿದ ಚಿಪ್ಪನ್ನು ಗ್ಲಿಸರಿನ್‌ನಲ್ಲಿ ಸ್ಲೈಡ್ ಮಾಡಿ, ಬಾವಿಯ ಹೆಸರು, ತಾಲ್ಲೂಕು, ದಿನಾಂಕ ಬರೆದು ಇಟ್ಟಿದ್ದರೆ ಆ ಜಾಗ ತುಂಬಬಹುದು.